ಪರದೆಯ ಕೆಳಗಿನ ಸಾಲು

ಮೂರು ಭಾಷೆಗಳನ್ನು ಹೋಲಿಸಿ ನಾನೊಂದು ವರದಿ ಬರೆದುಕೊಟ್ಟಿದ್ದೆ. ಅವುಗಳಲ್ಲಿ ಒಂದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಗೊತ್ತಿದ್ದರೂ ಅದರ ಬಗ್ಗೆ ತಾತ್ಸಾರವಿತ್ತು. ಮೂರನೆಯದನ್ನು ಕಣ್ಣಾರೆ ಕಂಡವನೂ ಅಲ್ಲ, ಆದರೆ ಅದಕ್ಕೂ ನೂರಕ್ಕೆ ಎಪ್ಪತ್ತೊಂದು ಅಂಕ ಕೊಟ್ಟಿದ್ದೆ. ಎಪ್ಪತ್ತು ಎಂದರೆ ಅಂದಾಜಿಗೆ ಹಾಕಿದಂತೆ ಕಾಣುತ್ತದೆ, ಎಪ್ಪತ್ತೊಂದು ಎಂದರೆ ಲೆಕ್ಕ ಹಾಕಿದಂತೆ ಕಾಣುತ್ತದೆ. ಇಂಥ ಜಾಣತನ ನನಗೆ ಮೊದಲಿನಿಂದಲೂ ಇದೆ.

ಭಾಷೆ ಎಂದರೆ ನಾವು ಆಡುವ ಭಾಷೆಯಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹೆಸರು ತುಂಬುವ ಡಬ್ಬಿ ಎಲ್ಲಿ ಕೂಡಬೇಕು, ಒತ್ತುವ ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪವಿರಬೇಕು ಎಂದು ಗುರುತು ಹಾಕಿ ತಿಳಿಸುವ ಭಾಷೆಗಳು ಇವು. ಒಂದು ಎಚ್‌ಟಿಎಂಎಲ್, ಜಗತ್ತಿನ ವೆಬ್ ಪುಟಗಳೆಲ್ಲ ಅದರಲ್ಲೇ ನಡೆಯುತ್ತವೆ. ಇನ್ನೊಂದು ಝಾಮಲ್, ವಿಂಡೋಸ್ ಮಷೀನುಗಳಿಗೆ ಅಂದಚೆಂದದ ತಂತ್ರಾಂಶ ಮಾಡುವವರು ಬಳಸುವಂಥದ್ದು. ಮೂರನೆಯದು ಕ್ಯೂಎಂಎಲ್. ಅದರಲ್ಲಿ ನಾನು ಇವತ್ತಿನವರೆಗೆ ಒಂದು ಗುಂಡಿಯನ್ನೂ ಮಾಡಿಲ್ಲ.

ಸೇಡಂನ ಒಂದು ಪದವಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಹತ್ತೊಂಬತ್ತು ವರ್ಷಗಳಾದವು. ಅದಕ್ಕೂ ಮೊದಲು ಆರು ತಿಂಗಳು ಹೈದರಾಬಾದಿನ ಕಂಪನಿಯೊಂದರಲ್ಲಿದ್ದೆ, ಝಾಮಲ್ ಕಲಿತದ್ದು ಅಲ್ಲೇ. ಆ ಆರು ತಿಂಗಳನ್ನು ಹತ್ತೊಂಬತ್ತು ವರ್ಷಗಳಿಂದ ಮಾರಿಕೊಂಡು ತಿನ್ನುತ್ತಿದ್ದೇನೆ. ಇದನ್ನು ಬೇರೆ ಯಾರಾದರೂ ಅಂದಿದ್ದರೆ ಜಗಳವಾಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ಸೇವಾ ಸಂಸ್ಥೆಯವರು ಕಾಲೇಜಿಗೆ ಬಂದರು. ಕಲ್ಲಿನ ಧೂಳು, ಸಿಮೆಂಟಿನ ಧೂಳಿನಲ್ಲಿ ದುಡಿಯುವವರ ಉಸಿರಿನ ಪರೀಕ್ಷೆ ಮಾಡುವುದು ಅವರ ಕೆಲಸ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಕಡೆ ಶಿಬಿರ ನಡೆಸುವವರಿದ್ದರು. ಡಾಕ್ಟರು ಪರೀಕ್ಷೆ ಮಾಡಿ ಕಾಗದದ ಮೇಲೆ ಬರೆಯುತ್ತಾರೆ, ಆಯಾ ಊರಿನ ಆಪರೇಟರು ಅದನ್ನು ಕಂಪ್ಯೂಟರಿಗೆ ತುಂಬಬೇಕು. ಫಾರಮ್ಮಿನ ಕೊನೆಯಲ್ಲಿ ‘ಮರುಪರೀಕ್ಷೆಗೆ ಕರೆಯಬೇಕು’ ಎಂದು ಒಂದು ಸಾಲು. ಅಲ್ಲಿ ಟಿಕ್ ಬಿದ್ದವರಿಗೆ ಸಂಸ್ಥೆಯಿಂದ ಫೋನ್ ಹೋಗುತ್ತದೆ, ಉಳಿದವರಿಗೆ ಹೋಗುವುದಿಲ್ಲ. ಫೋನ್ ಬರದಿದ್ದರೆ ಏನೂ ತೊಂದರೆಯಿಲ್ಲ ಎಂದು ತಿಳಿಯಿರಿ ಎಂದು ಶಿಬಿರದಲ್ಲೇ ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು. ಅಂದರೆ ಆ ಒಂದು ಟಿಕ್ಕಿನ ಮೇಲೆ ಒಬ್ಬರ ಪುಪ್ಪುಸ ನಿಂತಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಸಂಸ್ಥೆಯ ಪೂನಮ್ ಮೇಡಂ ಎರಡು ಸಲ ಬಿಡಿಸಿ ಹೇಳಿದ್ದರು.

ಯಾವ ಭಾಷೆಯಲ್ಲಿ ಮಾಡಿದರೆ ಒಳ್ಳೆಯದು, ಹೋಲಿಸಿ ಬರೆದುಕೊಡಿ, ಮಾದರಿಯನ್ನೂ ತೋರಿಸಿ ಎಂದರು ಅವರು. ಝಾಮಲ್ ಮಾದರಿ ನನ್ನದು. ಎಚ್‌ಟಿಎಂಎಲ್ ಮಾದರಿ ಭಾಗ್ಯಳದು. ಭಾಗ್ಯ ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್, ಗುತ್ತಿಗೆ ಮೇಲಿದ್ದವಳು, ಪ್ರತಿ ಡಿಸೆಂಬರಿಗೂ ಆಕೆಯ ನೇಮಕ ಹೊಸದಾಗಬೇಕು. ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ ದಿನಾ ಗಾಡಿಗೆ ಬರುತ್ತಿದ್ದಳು. ವಿಭಾಗದ ಉಳಿದವರನ್ನೆಲ್ಲ ನಾನು ‘ಬರ್ರಿ, ಕುಂದ್ರಿ’ ಎನ್ನುತ್ತಿದ್ದೆ, ಆಕೆಯನ್ನು ಮಾತ್ರ ‘ಬಾ, ನಿಲ್ಲು’ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಚಿಕ್ಕವಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆಕೆಗಿಂತ ಚಿಕ್ಕವರೂ ವಿಭಾಗದಲ್ಲಿದ್ದರು. ಆಕೆ ಯಾರ ಪೈಕಿ ಎಂಬುದು ನನಗೆ ಗೊತ್ತಿತ್ತು, ನಾವು ಯಾರ ಪೈಕಿ ಎಂಬುದು ಆಕೆಗೆ ಗೊತ್ತಿತ್ತು. ನಮ್ಮ ಮನೆಯ ಪಡಸಾಲೆಯಲ್ಲಿ ಬಸವಣ್ಣನ ದೊಡ್ಡ ಫೋಟೊ ಇದೆ. ಅದರ ಕೆಳಗೆ ಕುಳಿತೇ ಆ ವರದಿ ಬರೆದೆ.

ನಮ್ಮ ಕಾಲೇಜಿನಲ್ಲಿ ಒಂದು ರೂಢಿ ಇದೆ. ಹೊರಗಿನಿಂದ ಯಾರೇ ಬರಲಿ, ಏನೇ ತೋರಿಸುವುದಿರಲಿ, ಎಲ್ಲ ಪ್ರಿನ್ಸಿಪಾಲರ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲೇ ಆಗಬೇಕು. ಅದೊಂದೇ ಹೊಸದು, ಪರದೆ ಗೋಡೆಯ ಕ್ಯಾಲೆಂಡರಿನಷ್ಟು ಅಗಲ, ಮೇಲೆ ಕಸೂತಿ ಹಾಕಿದ ಬಟ್ಟೆ. ಲ್ಯಾಬಿನ ಹಳೆಯ ಚೌಕ ಪರದೆಗಳನ್ನು ಬಂದವರಿಗೆ ತೋರಿಸುವುದೆಂದರೆ ಮನೆಗೆ ಬಂದ ಬೀಗರಿಗೆ ಹಿತ್ತಲು ತೋರಿಸಿದ ಹಾಗೆ. ಹೀಗಾಗಿ ಎರಡೂ ಮಾದರಿಗಳನ್ನು ಆ ಕೋಣೆಯಲ್ಲೇ, ಚಹಾ ಬಿಸ್ಕಿಟಿನ ಜೊತೆ ನೋಡಿದರು. ನನ್ನದು ನೀಲಿ ನೆರಳು, ದುಂಡು ಅಂಚಿನ ಗುಂಡಿಗಳೊಂದಿಗೆ ಝಗಮಗ ಎನ್ನುತ್ತಿತ್ತು. ಭಾಗ್ಯಳದು ಬಿಳಿ ಪುಟ, ಕಪ್ಪು ಅಕ್ಷರ, ಒಂದರ ಕೆಳಗೆ ಒಂದು ಡಬ್ಬಿ.

“ಭಾರಿ ಅದರಿ ಸಂತೋಷಕುಮಾರ ಅವ್ರ, ಖರೇ ಕಂಪನಿಯವ್ರು ಮಾಡ್ದಂಗ ಅದ,” ಎಂದರು ಪ್ರಿನ್ಸಿಪಾಲ್ ಗುರುಲಿಂಗಯ್ಯನವರು. ಭಾಗ್ಯಳ ಪುಟ ನೋಡಿ, “ಇದು ರೇಷನ್ ಕಾರ್ಡಿನ ಅರ್ಜಿ ಇದ್ದಂಗ ಕಾಣ್ತದಲ್ಲವ್ವ,” ಎಂದು ನಕ್ಕರು. ನಾನೂ ನಕ್ಕೆ.

ಭಾಗ್ಯ ನಗಲಿಲ್ಲ. “ಸರ್, ಲ್ಯಾಬಿನ ಹಳೇ ಮಷೀನಿನ ಮ್ಯಾಲೂ ಎರಡೂ ಒಮ್ಮಿ ನೋಡೋಣಲ್ರಿ. ವಾಡಿ, ಶಹಾಬಾದ ಕಡಿ ಇಂಥವೇ ಸಣ್ಣ ಪರದಿ ಇರ್ತಾವ,” ಎಂದಳು.

ಬಂದವರೆದುರು ಹಿತ್ತಲಿನ ಸುದ್ದಿ ತೆಗೆದಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. “ನೀ ಎಷ್ಟ್ ವರ್ಷಾತು ಈ ಕೆಲಸ ಮಾಡಾಕತ್ತಿ?” ಎಂದೆ.

“ನಾಕು ವರ್ಷರಿ.”

“ನಂದು ಹತ್ತೊಂಬತ್ತು.”

ಅಲ್ಲಿಗೆ ಮಾತು ಮುಗಿಯಿತು. ವರದಿಯಲ್ಲಿ ‘ಸಣ್ಣ ಪರದೆಗೆ ಹೊಂದಿಕೊಳ್ಳುವಿಕೆ’ ಎಂಬ ಸಾಲಿತ್ತು. ನನ್ನದಕ್ಕೆ ಹತ್ತಕ್ಕೆ ಒಂಬತ್ತು ಹಾಕಿಕೊಂಡೆ. ಭಾಗ್ಯಳದಕ್ಕೆ ಐದು. ಒಟ್ಟು ಲೆಕ್ಕದಲ್ಲಿ ಝಾಮಲ್ ತೊಂಬತ್ತನಾಲ್ಕು, ಎಚ್‌ಟಿಎಂಎಲ್ ಐವತ್ತೆಂಟು. ಐದೂ ಊರುಗಳಿಗೆ ನನ್ನ ತಂತ್ರಾಂಶ ಹೋಯಿತು. ಆಪರೇಟರುಗಳಿಗೆ ತರಬೇತಿ ಕೊಡುವ ಕೆಲಸ ಭಾಗ್ಯಳ ಪಾಲಿಗೆ ಬಂತು, ಅದೂ ಪ್ರಿನ್ಸಿಪಾಲರ ಕೋಣೆಯ ಅದೇ ದೊಡ್ಡ ಪರದೆಯ ಮೇಲೆ, ಫೋಟೊ ಚೆನ್ನಾಗಿ ಬರಲಿ ಎಂದು.

ಜುಲೈಯಿಂದ ಸೆಪ್ಟೆಂಬರಿನವರೆಗೆ ಶಿಬಿರಗಳು ನಡೆದವು. ಮಹಾನವಮಿಯ ದಿನ ಖಂಡೇಪೂಜೆಗೆಂದು ಲ್ಯಾಬಿನ ಮಷೀನುಗಳನ್ನೆಲ್ಲ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ್ದರು. ಖಾಲಿ ಪರದೆಗೆ ಪೂಜೆ ಮಾಡುವುದು ಚೆಂದ ಕಾಣದು ಎಂದು ನಾನೇ ಒಂದು ಹಳೆಯ ಮಷೀನಿನಲ್ಲಿ ನನ್ನ ತಂತ್ರಾಂಶ ತೆರೆದೆ. ಹೆಸರಿತ್ತು, ಊರಿತ್ತು, ಉಸಿರಿನ ಅಳತೆಯ ಡಬ್ಬಿಗಳಿದ್ದವು, ಮೇಲ್ಗಡೆ ‘ಉಳಿಸು’ ಎಂಬ ಗುಂಡಿಯಿತ್ತು. ಕೊನೆಯ ಸಾಲು ಇರಲಿಲ್ಲ. ಪರದೆಯ ಅಂಚಿನಿಂದ ಕೆಳಗೆ, ಗಾಳಿಯಲ್ಲಿ ಎಲ್ಲೋ ಇತ್ತು ಅದು. ತಂತ್ರಾಂಶದ ಕಿಟಕಿಯನ್ನು ಎಳೆದು ನೋಡಿದೆ, ಬರಲಿಲ್ಲ. ಬರದಂತೆ ನಾನೇ ಕಟ್ಟಿಹಾಕಿದ್ದೆ.

ಝಾಮಲ್ಲಿನ ತಪ್ಪು ಅಲ್ಲ ಇದು. ಪರದೆ ಸಣ್ಣದಾದರೆ ಸರಿದುಕೊಂಡು ಕೂಡುವ ಏರ್ಪಾಡು ಅದರಲ್ಲೂ ಇದೆ, ಪ್ರತಿ ವರ್ಷ ನಾನೇ ಪಾಠ ಮಾಡುತ್ತೇನೆ. ಆದರೆ ಕಾಲೇಜಿನ ಹಳೇ ಅಡ್ಮಿಷನ್ ಪರದೆಯನ್ನೇ ಎತ್ತಿ, ಹೆಸರು ಬದಲಿಸಿ, ಪ್ರಿನ್ಸಿಪಾಲರ ಪರದೆಗೆ ಸರಿಹೋಗುವಂತೆ ಹಿಗ್ಗಿಸಿ ಕೊಟ್ಟಿದ್ದೆ. ಪ್ರತಿ ಡಬ್ಬಿಗೂ ಮೇಲಿನಿಂದ ಇಷ್ಟು, ಎಡದಿಂದ ಇಷ್ಟು ಎಂದು ಮೊಳೆ ಹೊಡೆದಿದ್ದೆ. ಆಮೇಲೆ ಭಾಗ್ಯಳ ಪುಟವನ್ನು ಅದೇ ಮಷೀನಿನಲ್ಲಿ ತೆರೆದೆ. ಬಲಗಡೆ ಸ್ಕ್ರಾಲ್ ಪಟ್ಟಿ ತಾನಾಗಿಯೇ ಬಂತು. ಎಳೆದರೆ ಕೊನೆಯ ಸಾಲಿನವರೆಗೂ ಇಳಿಯಿತು. ರೇಷನ್ ಕಾರ್ಡಿನ ಅರ್ಜಿಯಂತೆಯೇ ಇತ್ತು, ಪೂರ್ತಿ ಇತ್ತು.

ಸೇಡಂ, ಚಿತ್ತಾಪುರದವರಿಗೆ ಸಂಸ್ಥೆ ಹೊಸ ಕಂಪ್ಯೂಟರ್ ಕೊಟ್ಟಿತ್ತು. ವಾಡಿ, ಶಹಾಬಾದ, ಚಿಂಚೋಳಿಯಲ್ಲಿ ಹಳೆಯವೇ. ಆ ಮೂರು ಊರುಗಳಲ್ಲಿ ಮೂರು ತಿಂಗಳಿಂದ ಯಾರ ಹೆಸರಿನ ಮುಂದೆಯೂ ಟಿಕ್ ಬಿದ್ದಿಲ್ಲ ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ಪರದೆ ಆರಿಸಿದೆ. ಪೂಜೆಯಾಯಿತು. ಪ್ರಸಾದ ಕೊಟ್ಟರು, ತಿಂದೆ. ಎರಡನೇ ಸಲ ಕೊಟ್ಟರು, ಅದನ್ನೂ ತಿಂದೆ.

ಎಂಟು ದಿನ ಬಿಟ್ಟು ಪೂನಮ್ ಮೇಡಂ ಫೋನ್ ಮಾಡಿದರು. “ಸರ್, ಸೇಡಂ ಚಿತ್ತಾಪುರದಿಂದ ಕರೀಬೇಕಾದವ್ರ ಹೆಸರು ಬರೋಬ್ಬರಿ ಬಂದಾವ. ಉಳದ್ ಮೂರು ಊರಿಂದ ಒಂದೂ ಇಲ್ಲ. ಶಹಾಬಾದಂಥ ಕಲ್ಲಿನ ಊರಾಗ ಒಬ್ಬರಿಗೂ ತ್ರಾಸ್ ಇಲ್ಲಂದ್ರ ಹೆಂಗರಿ?”

ಬಾಯಿಗೆ ಬಂದ ಮೊದಲ ಮಾತು ನಿಜವಾಗಿತ್ತು. ಆಡಿದ್ದು ಎರಡನೆಯದು. “ಆಪರೇಟರುಗಳು ಟಿಕ್ ಹಾಕೋದು ಬಿಟ್ಟಿರಬೇಕ್ರಿ. ಟ್ರೇನಿಂಗ್ ಬರೋಬ್ಬರಿ ಆಗಿಲ್ಲ ಅನಸ್ತದ.”

“ಟ್ರೇನಿಂಗ್ ಯಾರು ಕೊಟ್ಟಿದ್ರು?”

“ನಮ್ಮ ಭಾಗ್ಯ.”

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ನಾನು ಒಬ್ಬಳ ಹೆಸರು ಕೆಡಿಸಿದ್ದು ಮಾತ್ರವಲ್ಲ. ಆಪರೇಟರುಗಳ ಮರೆವು ಎಂದಾದರೆ ‘ಇನ್ನು ಮುಂದೆ ಲಕ್ಷ್ಯ ಕೊಡ್ರಿ’ ಎಂದರೆ ಮುಗಿಯಿತು. ಪರದೆಯ ತಪ್ಪು ಎಂದಾದರೆ ಮೂರೂ ಊರುಗಳ ಕಾಗದಗಳನ್ನೆಲ್ಲ ತಿರುವಿ ಹಾಕಿ, ಬಿಟ್ಟುಹೋದ ಒಬ್ಬೊಬ್ಬರನ್ನೂ ಕರೆಯಬೇಕು. ನಾನು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಅವರನ್ನು ಯಾರೂ ಕರೆಯುವುದಿಲ್ಲ.

ಪ್ರಿನ್ಸಿಪಾಲರು ಭಾಗ್ಯಳಿಗೆ ಮೆಮೊ ಕೊಟ್ಟು, ಶಹಾಬಾದಿಗೆ ಹೋಗಿ ಮತ್ತೆ ಕಲಿಸಿ ಬಾ ಎಂದರು. ಹೋಗಿ ಬಂದವಳು ನೇರವಾಗಿ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಮೊಬೈಲಿನಲ್ಲಿ ಶಹಾಬಾದಿನ ಪರದೆಯ ಫೋಟೊ ತೋರಿಸಿದಳು.

“ಕೆಳಗಿನ ಸಾಲು ಕಾಣಂಗೇ ಇಲ್ರಿ ಸರ್. ಅಲ್ಲಿ ಆಪರೇಟರ್ ಜಬೀನಾ ಅಂತ ಅದಾರ, ಅವ್ರು ‘ಟಿಕ್ ಹಾಕಾಕ ಜಾಗಾನೇ ಇಲ್ಲ, ಕಂಪ್ಯೂಟರೇ ಹಿಸಾಬ್ ಮಾಡಿ ಕರೀತದ ಅಂತ ತಿಳ್ಕೊಂಡಿದ್ದೆ’ ಅಂದ್ರು. ಪ್ರಿನ್ಸಿಪಾಲ್ ಸರ್‌ಗೆ ತೋರ್ಸಿಲ್ರಿ. ಮೊದ್ಲ ನಿಮಗ ತೋರಸ್ಬೇಕನಸ್ತು.”

ಆಕೆ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ‘ನಾ ನೋಡ್ತೀನಿ’ ಎಂದೆ. ಅದೇ ದಿನ ಸ್ಕ್ರಾಲ್ ಬರುವಂತೆ ಎರಡು ಸಾಲು ಸೇರಿಸಿ, ‘ಸುಧಾರಿತ ಆವೃತ್ತಿ’ ಎಂದು ಹೆಸರಿಟ್ಟು ಐದೂ ಊರುಗಳಿಗೆ ಕಳಿಸಿದೆ. ಯಾಕೆ ಎಂದು ಬರೆಯಲಿಲ್ಲ. ಗುರುಲಿಂಗಯ್ಯನವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದರು, ಇವರು ಸುಮ್ಮನೆ ಕೂಡುವವರಲ್ಲ, ಸುಧಾರಣೆ ಮಾಡುತ್ತಲೇ ಇರುತ್ತಾರೆ ಎಂದು. ಭಾಗ್ಯ ಮೂಲೆಯ ಕುರ್ಚಿಯಲ್ಲಿದ್ದಳು. ನಾನು ತಲೆ ತಗ್ಗಿಸಿದೆ, ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಹೊರಗೆ ಬಂದಾಗ ಆಕೆ ಕೇಳಿದಳು, “ಸರ್, ಹಿಂದಿನವ್ರು?”

“ಹಬ್ಬ ಒಂದು ಆಗ್ಲಿ, ನೋಡೋಣು,” ಎಂದೆ.

ದೀಪಾವಳಿ ಆಯಿತು. ನಾನು ನೋಡಲಿಲ್ಲ. ಆಕೆ ನೋಡಿದ್ದಳು. ರವಿವಾರಗಳಲ್ಲಿ ಮೂರೂ ಊರುಗಳಿಗೆ ಹೋಗಿ, ಡಾಕ್ಟರರ ಕಾಗದಗಳನ್ನು ಒಂದೊಂದಾಗಿ ತೆಗೆದು, ಕರೆಯಬೇಕಾದ ನಲವತ್ತೊಂದು ಜನರ ಪಟ್ಟಿ ಮಾಡಿಕೊಂಡು ಬಂದಳು. ಚಿಂಚೋಳಿಯ ಪಟ್ಟಿಯಲ್ಲಿ ಕುಂಚಾವರಂ ಕಡೆಯ ತಾಂಡಾಗಳ ಹೆಸರುಗಳೂ ಇದ್ದವು. ಸಂಸ್ಥೆಗೆ ಒಂದು ಪತ್ರವನ್ನೂ ಬರೆದಿದ್ದಳು. ‘ಈ ಹೆಸರುಗಳು ಬಿಟ್ಟುಹೋಗಲು ಕಾರಣ’ ಎಂದು ಬರೆದು, ಮುಂದೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದಳು.

“ಅದು ನೀವೇ ಬರೀರಿ ಸರ್. ನಾ ಬರದ್ರ ನಿಮ್ಮ ಮ್ಯಾಲ ಚಾಡಿ ಹೇಳ್ದಂಗ ಆಗ್ತದ. ವಿಭಾಗದ ಸಹಿ ಇಲ್ದ ಅವ್ರು ಪಟ್ಟಿ ತಗೊಳ್ಳಂಗಿಲ್ರಿ. ಜರಾ ಜಲ್ದಿ ನೋಡ್ರಿ.”

ಆ ಕಾಗದವನ್ನು ಎರಡು ವಾರ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ದಿನಾ ತೆಗೆಯುತ್ತಿದ್ದೆ, ಆ ಖಾಲಿ ಜಾಗ ನೋಡುತ್ತಿದ್ದೆ, ಮಡಚಿ ಇಡುತ್ತಿದ್ದೆ. ಹತ್ತೊಂಬತ್ತು ವರ್ಷ ಮೇಲಿಂದ ಮೇಲೆ ಜಂಬ ಕೊಚ್ಚಿಕೊಂಡವನಿಗೆ ನಾಲ್ಕು ಬೆರಳಿನ ಜಾಗದಲ್ಲಿ ಏನು ಬರೆಯಬೇಕೋ ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ತೋಚುತ್ತಿತ್ತು. ಹುಡುಗರ ಮುಂದೆ, ಪ್ರಿನ್ಸಿಪಾಲರ ಮುಂದೆ, ಮನೆಯಲ್ಲಿ ಹೆಂಡತಿಯ ಮುಂದೆ ಸಣ್ಣವನಾಗುತ್ತೇನೆ ಎಂಬ ಹೆದರಿಕೆ, ಅಷ್ಟೇ.

ಕೊನೆಗೂ ಬರೆಸಿದ್ದು ನನ್ನ ಒಳ್ಳೆಯತನವಲ್ಲ. ಗುರುಲಿಂಗಯ್ಯನವರು ಒಂದು ಫೈಲು ಕಳಿಸಿದರು. ಭಾಗ್ಯಳ ನೇಮಕ ಈ ಡಿಸೆಂಬರಿಗೆ ಮುಂದುವರಿಸುವುದು ಬೇಡ, ತರಬೇತಿಯಲ್ಲಿ ಲೋಪವಾಗಿದೆ ಎಂದು ವಿಭಾಗದ ಮುಖ್ಯಸ್ಥರು ಷರಾ ಬರೆಯಬೇಕು ಎಂದಿತ್ತು. ಎರಡೂ ಕಾಗದಗಳು ಮೇಜಿನ ಮೇಲೆ ಅಕ್ಕಪಕ್ಕ ಬಿದ್ದವು. ಎರಡರಲ್ಲೂ ನಾನು ಬರೆಯಲೆಂದು ಜಾಗ ಬಿಟ್ಟಿದ್ದರು. ಮೊದಲು ಪತ್ರದಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆದೆ. ನೋಡಿ ಅಸಹ್ಯವಾಯಿತು. ಹೊಡೆದುಹಾಕಿ, ‘ಪರದೆಯನ್ನು ನಾನು ತಪ್ಪಾಗಿ ಮಾಡಿದ್ದೆ, ಸಣ್ಣ ಪರದೆಯ ಮೇಲೆ ನೋಡಲಿಲ್ಲ, ಭಾಗ್ಯ ಅವರು ಎಚ್ಚರಿಸಿದರೂ ಕೇಳಲಿಲ್ಲ, ಹೋಲಿಕೆಯ ವರದಿಯಲ್ಲಿ ಅಂಕಗಳನ್ನು ಪರೀಕ್ಷಿಸದೆ ಹಾಕಿದೆ, ಮಹಾನವಮಿಯಿಂದ ನನಗೆ ಇದು ಗೊತ್ತಿತ್ತು’ ಎಂದು ಬರೆದು ಸಹಿ ಹಾಕಿದೆ. ಜಾಗ ಸಾಲದೆ ಅಂಚಿನಲ್ಲೂ ಬರೆಯಬೇಕಾಯಿತು.

ಪ್ರಿನ್ಸಿಪಾಲರು ಓದಿ ಹುಬ್ಬು ಗಂಟಿಕ್ಕಿದರು. “ಇಷ್ಟೆಲ್ಲ ಯಾಕ್ ಬರೀಲಿಕ್ಕೆ ಹೋದ್ರಿ? ತಾಂತ್ರಿಕ ದೋಷ ಅಂದ್ರ ಮುಗೀತಿತ್ತಲ್ಲ. ಹೋಗ್ಲಿ ಬಿಡ್ರಿ, ಯಾರಿಂದ ಆಗಂಗಿಲ್ಲ?” ಎಂದು ಚಹಾ ತರಿಸಿದರು. ಭಾಗ್ಯಳ ಮೇಲಿನ ಫೈಲು ಹಿಂದೆ ಹೋಯಿತು. ನನ್ನ ಮೇಲೆ ಯಾವ ಫೈಲೂ ತೆರೆಯಲಿಲ್ಲ. ಮಾಡದ ತಪ್ಪಿಗೆ ಆಕೆಗೆ ಮೆಮೊ, ಮಾಡಿದ ತಪ್ಪಿಗೆ ನನಗೆ ಚಹಾ.

ಸಂಸ್ಥೆಯವರು ಆ ದಿನವೇ ಫೋನ್ ಮಾಡತೊಡಗಿದರು. ಕೆಲವರ ಫೋನ್ ಹತ್ತಲಿಲ್ಲ. ಅದರಲ್ಲಿ ಮೊದಲ ಹೆಸರು ಶಹಾಬಾದಿನ ಲಾಲಮ್ಮ. ರವಿವಾರ ಮುಂಜಾನೆಯ ಗಾಡಿಗೆ ಹೊರಟೆ, ವಾಡಿಯಲ್ಲಿ ಭಾಗ್ಯ ಹತ್ತಿದಳು. “ಕುಂದ್ರಿ,” ಎಂದು ಸರಿದು ಜಾಗ ಮಾಡಿದೆ. ಆಕೆ ಒಂದು ಸಲ ನನ್ನ ಮುಖ ನೋಡಿ ಕುಳಿತಳು. ಕ್ಷಮೆ ಕೇಳಬೇಕೆಂದು ಮೂರು ಸಲ ಗಂಟಲವರೆಗೆ ಬಂತು, ಮೂರು ಸಲವೂ ನುಂಗಿಕೊಂಡೆ.

ಲಾಲಮ್ಮನದು ಫರಸಿ ಕಲ್ಲು ಹೊದಿಸಿದ ಎರಡು ಕೋಣೆಯ ಮನೆ. ಕಲ್ಲು ಕೊರೆಯುವ ಮಷೀನಿನಲ್ಲಿ ಹದಿನಾಲ್ಕು ವರ್ಷ ದುಡಿದವಳು. ಐವತ್ತರ ಆಸುಪಾಸು, ಮಾತಾಡುವಾಗ ನಡುನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ನಾವು ಬಂದ ಕಾರಣವನ್ನು ಭಾಗ್ಯ ಹೇಳುವ ಮೊದಲೇ ಲಾಲಮ್ಮ ಚಾಪೆ ಹಾಸಿದಳು.

“ಅಕ್ಕ, ಆಗಸ್ಟಿನ ಶಿಬಿರದಾಗ ನಿಮ್ದು ತಪಾಸಣಿ ಆಗಿತ್ತಲ್ಲ. ಮತ್ತೊಮ್ಮಿ ದೊಡ್ಡ ದವಾಖಾನ್ಯಾಗ ತೋರಸ್ಬೇಕಾಗ್ಯಾದ. ಅದ್ಕೇ ಬಂದೀವಿ,” ಎಂದಳು ಭಾಗ್ಯ.

ಲಾಲಮ್ಮ ನಿಧಾನಕ್ಕೆ ಹೇಳಿದಳು. “ಡಾಕ್ಟರ್ ಬಾಯಿ ಅಂದಿದ್ದಳವ್ವ, ‘ನಾವು ಹೇಳೂತನ ಧೂಳಿನಾಗ ಹೋಗಬ್ಯಾಡ’ ಅಂತ. ಆವತ್ತಿಂದ ಕೆಲಸ ಬಿಟ್ಟು ಮನ್ಯಾಗ ಕುಂತಿದ್ದೆ. ಉಸುರೂ ಜರಾ ಹಗುರ ಆಗಿತ್ತು. ದಿನಾ ಫೋನ್ ನೋಡ್ತಿದ್ದೆ. ಬರ್ಲೇ ಇಲ್ಲ. ಫೋನ್ ಬರ್ಲಿಲ್ಲಂದ್ರ ಏನೂ ಇಲ್ಲಂತ ಅವ್ರೇ ಹೇಳಿದ್ರಲ್ಲ. ದೇವರ ದಯಾ, ನಂಗೇನೂ ಆಗಿಲ್ಲ ಅಂತ ತಿಳ್ಕೊಂಡು, ದೀಪಾವಳಿ ಪಾಡ್ಯ ಆದ ಮರುದಿನ ಮತ್ತ ಮಷೀನಿಗಿ ಹೋಗಿ ನಿಂತೆ. ಈಗ ಮತ್ತ ಭಾಳ ದಮ್ಮು.”

ನಾನು ಮನಸ್ಸಿನಲ್ಲೇ ಎಣಿಸಿದೆ. ಮಹಾನವಮಿಯಿಂದ ಆ ದಿನಕ್ಕೆ ಇಪ್ಪತ್ತೆರಡು ದಿನ. ನನಗೆ ಗೊತ್ತಾದಾಗ ಈಕೆ ಇನ್ನೂ ಮನೆಯಲ್ಲಿದ್ದಳು, ಫೋನ್ ನೋಡುತ್ತ ಕುಳಿತಿದ್ದಳು.

“ಈ ಸರ್ ಯಾರವ್ವ?” ಎಂದು ಕೇಳಿದಳು. ಭಾಗ್ಯ ನನ್ನ ಕಡೆ ತಿರುಗಿದಳು.

“ಆ ಕಂಪ್ಯೂಟರಿನ ಪರದಿ ಮಾಡ್ದಾಂವ ನಾನೇರಿ,” ಎಂದೆ. “ಅದು ತಪ್ಪಾಗಿತ್ತು. ಅದ್ಕೇ ನಿಮಗ ಫೋನ್ ಬರ್ಲಿಲ್ಲ. ತಪ್ಪಾಗ್ಯಾದ ಅಂತ ದೀಪಾವಳಿಗಿಂತ ಮೊದ್ಲೇ ನಂಗ ಗೊತ್ತಿತ್ತು. ಹೇಳ್ಲಿಲ್ಲ. ಈ ಹುಡುಗಿ ಹೇಳ್ರಿ ಹೇಳ್ರಿ ಅಂದ್ರೂ ಹೇಳ್ಲಿಲ್ಲ. ನಾಚ್ಕಿ ಆಗಿತ್ತು.”

ಆಕೆ ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದು ಕಾದೆ. ಲಾಲಮ್ಮ ಉಸಿರು ಎಳೆದುಕೊಂಡಳು, ಅದು ಒಳಗೆ ಹೋಗಿ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ನನ್ನ ನಾಚಿಕೆ ಕಟ್ಟಿಕೊಂಡು ಆಕೆಗೆ ಏನಾಗಬೇಕಿತ್ತು? ಆಕೆಗೆ ಬೇಕಾದದ್ದು ಬೇರೆಯೇ ಇತ್ತು.

“ಹಂಗಾದ್ರ ನಾಳಿ ಮುಂಜಾನಿ ಮಷೀನಿಗಿ ಹೋಗ್ಲ್ಯೋ ಬ್ಯಾಡೋ, ಅದೊಂದು ಹೇಳ್ರಿ ಸರ್,” ಎಂದಳು.

“ಬ್ಯಾಡ್ರಿ,” ಎಂದೆ.

ಅಷ್ಟು ಹೇಳಲು ನಾನು ನಲವತ್ತು ದಿನ ತೆಗೆದುಕೊಂಡಿದ್ದೆ.